ಹೊತ್ತಿಲ್ಲದ ಕಾರ್ಡು

ಅಕ್ಕನ ಬಲಗೈ ನಿಂತುಹೋದದ್ದು ಒಂದು ಮಂಗಳವಾರ, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ. ನಾನು ಒಲೆಯ ಮುಂದೆ ಚಹಾ ಸೋಸುತ್ತಿದ್ದೆ. ನಡುಮನೆಯ ಮಂಚದ ಮೇಲೆ ಅವಳ ಕೈ ಎಂದಿನಂತೆ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಿತ್ತು. ಘಾಟಿಯ ಮೂರನೆಯ ತಿರುವು ಇರಬೇಕು, ಮೊಣಕೈ ಅಗಲವಾಗಿತ್ತು. ನೋಡನೋಡುತ್ತಿದ್ದಂತೆ ಕೈ ಹಾಗೇ ಹಾಸಿಗೆಯ ಮೇಲೆ ಬಿತ್ತು.

"ವಾರಿ, ಗಾಡಿಗೆ ಏನೋ ಆಯ್ತು ಕಣೆ" ಅಂದಳು.

ಏನಾಯಿತೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ಲಾರಿಯ ಹೊಸ ಮಾಲೀಕ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಬಂದು, ಎಂಜಿನ್ ಕೈಕೊಡುತ್ತಿದೆ, ನಾಳೆ ಬೆಳಿಗ್ಗೆ ಗುಜರಿಗೆ ಒಯ್ಯುತ್ತಿದ್ದೇನೆ, ಅಕ್ಕನಿಗೊಂದು ಮಾತು ಹೇಳಿಬಿಡಿ ಅಂದಿದ್ದ. ನಾನು ಹೇಳಿರಲಿಲ್ಲ. ಆ ಬೆಳಿಗ್ಗೆಯೂ ಹೇಳಲಿಲ್ಲ. "ಕೈಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು ಬಿಡು" ಅಂದೆ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ನನ್ನ ಅಕ್ಕ ಚಂಪಕಾ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವಳು. ಹೆಂಚಿನ ಕಾರ್ಖಾನೆಯಿಂದ ಘಾಟಿ ದಾಟಿಸಿ ಹೆಂಚು ಮುಟ್ಟಿಸುವುದು ಅವಳ ಕೆಲಸ. ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ ಆಸ್ಪತ್ರೆಗೆಂದು ಲಾರಿ ಮಾರಿದವಳು ನಾನು. ನಮ್ಮೂರಿನಲ್ಲಿ ಮಾರಿದ ವಸ್ತು ಪೂರ್ತಿ ಮಾರಿಹೋಗುವುದಿಲ್ಲ. ದಿನಕ್ಕೆ ಒಂದು ಗಂಟೆ ಅದು ಹಳಬರ ಕೈಯಲ್ಲೇ ಇರುತ್ತದೆ, ಅವರು ಅದನ್ನು ಹೆಚ್ಚಾಗಿ ಬಳಸುತ್ತಿದ್ದ ಗಂಟೆ. ಅದಕ್ಕೆ ಹೊತ್ತು ಅನ್ನುತ್ತೇವೆ. ಹಳೆಯ ಸೈಕಲ್ ಕೊಂಡವರು ಹೊತ್ತಿನಲ್ಲಿ ಅದನ್ನು ಕಂಬಕ್ಕೆ ಕಟ್ಟುತ್ತಾರೆ. ಹಳೆಯ ಹೊಲಿಗೆ ಯಂತ್ರ ಕೊಂಡವರು ಆ ಗಂಟೆಯಲ್ಲಿ ಸೂಜಿ ತೆಗೆದಿಡುತ್ತಾರೆ. ಅಕ್ಕನ ಲಾರಿ ಕೊಂಡವನು ಬೆಳಿಗ್ಗೆ ಆರರಿಂದ ಏಳರವರೆಗೆ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂರುತ್ತಿದ್ದ. ಗಾಡಿ ತಾನಾಗಿ ಘಾಟಿ ಹತ್ತುತ್ತಿತ್ತು. ಇಲ್ಲಿ ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡು, "ಇವತ್ತು ಲೋಡು ಜಾಸ್ತಿ ಹಾಕಿದ್ದಾನೆ ಮಹರಾಯ" ಅನ್ನುತ್ತಿದ್ದಳು. ವಸ್ತು ಹಾಳಾದರೆ ಹೊತ್ತು ಹೋಗುತ್ತದೆ. ಹಳೆಯ ಮಾಲೀಕ ಸತ್ತರೂ ಹೋಗುತ್ತದೆ.

ಲಾರಿ ಹೋದ ಮೇಲೆ ಅಕ್ಕ ಊಟ ಬಿಟ್ಟಳು. ಗಂಜಿ ಕುಡಿಸಿದರೆ ತುಟಿಯ ಬದಿಯಿಂದ ಇಳಿಸಿಬಿಡುತ್ತಿದ್ದಳು. ಇದ್ದ ಒಂದು ಕೈಯನ್ನೂ ಅವಳು ಅಲ್ಲಾಡಿಸದೆ ಇಟ್ಟಳು. ಹೀಗೇ ಬಿಟ್ಟರೆ ಬಲಭಾಗವೂ ಹೋಗುತ್ತದೆ ಎಂದು ವೈದ್ಯರು ಎಚ್ಚರಿಸಿದರು. ಆ ವಾರ ಹಳೇ ಸಾಮಾನಿನ ಓಣಿಯಲ್ಲಿ ಕುತುಬ್ ಸಾಬರ ಅಂಗಡಿಗೆ ಬಲ್ಬಿನ ಹೋಲ್ಡರ್ ಕೊಳ್ಳಲು ಹೋದವಳು ಅಲ್ಲೇ ನಿಂತುಬಿಟ್ಟೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದು ಆಟ ನಡೆಯುತ್ತಿತ್ತು. ಬೆಟ್ಟದ ರಸ್ತೆ, ಮಂಜು, ಲಾರಿಯ ಮುಂಗಾಜು, ಅದರ ಮೇಲೆ ವೈಪರ್. ಅರ್ಧ ಗಂಟೆ ನೋಡಿದೆ. ಆಮೇಲೆ, "ಸಾಬರೇ, ಇದನ್ನು ಓಡಿಸೋ ಯಂತ್ರ ಒಂದು ನನಗೂ ಬೇಕು, ಕಮ್ಮಿ ಖರ್ಚಿನಲ್ಲಿ" ಅಂದೆ.

ಕುತುಬ್ ಸಾಬರು ಕನ್ನಡಕ ಹಣೆಗೇರಿಸಿದರು. "ಕಮ್ಮಿ ಖರ್ಚು ಅಂದ್ರೆ ಹಳೇ ಮಾಲು ತಂಗಿ. ಹಳೇ ಮಾಲು ಅಂದ್ರೆ ಹೊತ್ತು. ಒಂದು ಕಂಪ್ಯೂಟರ್‌ಗೆ ಏಳೆಂಟು ಭಾಗ, ಏಳೆಂಟು ಜನರ ಹೊತ್ತು. ಒಂದಕ್ಕೊಂದು ಕೂಡಿಸೋದೇ ಕಷ್ಟ. ನಿಮ್ಮಕ್ಕ ಯಾವಾಗ ಓಡಿಸ್ತಾರೆ?"

"ಎದ್ದಾಗಿನಿಂದ ಮಲಗೋವರೆಗೆ" ಅಂದೆ.

ಅವರು ನಕ್ಕರು. ಆದರೂ ಮೂರು ದಿನ ನನಗಾಗಿ ಡಬ್ಬಿಗಳನ್ನು ತೆರೆದರು. ನಾನು ಮೊದಲು ಹೊಳೆಯುವ ದೀಪಗಳಿದ್ದ ಗಾಜಿನ ಕ್ಯಾಬಿನೆಟ್ ನೋಡಿ ಆಸೆಪಟ್ಟೆ. "ದೀಪಕ್ಕೆ ಹಾಕೋ ದುಡ್ಡು ಚಿತ್ರ ಮೂಡಿಸೋ ಕಾರ್ಡಿಗೆ ಹಾಕು. ಪೆಟ್ಟಿಗೆ ಗಾಳಿ ಆಡೋ ಹಾಗಿದ್ರೆ ಸಾಕು" ಎಂದು ತಗಡಿನದೊಂದನ್ನು ಎಳೆದಿಟ್ಟರು. ಪ್ರೊಸೆಸರ್ ಒಬ್ಬ ನಿವೃತ್ತ ಗುಮಾಸ್ತರದು, ಹೊತ್ತು ನಸುಕಿನ ಮೂರರಿಂದ ನಾಲ್ಕು, ನಿದ್ದೆ ಬಾರದ ಮನುಷ್ಯ, ನಮಗೇನೂ ತೊಂದರೆಯಿಲ್ಲ. ಅದರ ಕಾಲುಗಳು ಕೂರುವಂಥ ಮದರ್‌ಬೋರ್ಡು ಹುಡುಕುವುದಕ್ಕೆ ಒಂದು ದಿನ ಹಿಡಿಯಿತು. ಸಿಕ್ಕ ಮೊದಲನೆಯದಕ್ಕೆ ಮಧ್ಯಾಹ್ನದ ಹೊತ್ತಿತ್ತು, ಬಿಟ್ಟೆವು. ಮೆಮೊರಿ ಪಟ್ಟಿ ಒಂದೇ ದೊಡ್ಡದು ಬೇಡ, ಸಮನಾದ ಎರಡು ಹಾಕಿದರೆ ಚುರುಕು ಅಂದರು. ಅಂಥ ಜೋಡಿ ಸಿಕ್ಕಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರದು, ಇಬ್ಬರ ಹೊತ್ತೂ ಬೆಳಿಗ್ಗೆ ಐದು. ಪವರ್ ಸಪ್ಲೈ ಮಾತ್ರ ಹೊಸದೇ ಬೇಕೆಂದು ಹಟ ಹಿಡಿದರು. "ಇದು ಹಳೇದಾದ್ರೆ ಉಳಿದದ್ದನ್ನೆಲ್ಲ ಸುಟ್ಟು ಹಾಕತ್ತೆ. ಅದಕ್ಕೆ ಹೊತ್ತು ಬೇರೆ ಇದ್ರೆ, ಹಳಬರು ಲೈಟ್ ಆರಿಸಿದ ಹಾಗೆ ನಿಮ್ಮ ಯಂತ್ರವೂ ಆರತ್ತೆ."

ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಅದಿಲ್ಲದೆಯೂ ಆಟ ಓಡುತ್ತದೆ, ಆದರೆ ಬೆಟ್ಟ ಇಟ್ಟಿಗೆ ಪೇರಿಸಿದ ಹಾಗೆ ಕಾಣುತ್ತದೆ ಅಂದರು. ಅಕ್ಕನಿಗೆ ಘಾಟಿ ಘಾಟಿಯ ಹಾಗೇ ಕಾಣಬೇಕಿತ್ತು. ಸಾಬರು ಒಳಗಿನಿಂದ ಬಟ್ಟೆ ಸುತ್ತಿದ ಕಾರ್ಡೊಂದನ್ನು ತಂದು, ನಮ್ಮೂರಿನ ಪದ್ಧತಿಯಂತೆ ಗಟ್ಟಿಯಾಗಿ ಹೆಸರು ಹೇಳಿದರು: "ದೋಣಿಗಟ್ಟೆಯಲ್ಲಿ ಟಿಕೆಟ್ ಕೊಡ್ತಿದ್ದ ಮುಕುಂದನದು. ಹೊತ್ತಿಲ್ಲ. ಆರು ವರ್ಷದ ಹಿಂದೆ ನೀರಿಗೆ ಬಿದ್ದು ಹೋದ. ಅವನ ಹೆಂಡತಿ ಪದ್ಮಿನಿ ಇಷ್ಟು ದಿನ ಟ್ರಂಕಿನಲ್ಲಿಟ್ಟಿದ್ದಳು. ಈಗ ಹಿಟ್ಟಿನ ಗಿರಣಿಯ ವಾಸುದೇವನ ಜೊತೆ ಮದುವೆ ಗೊತ್ತಾಗಿದೆ ಅಂತ ಮನೆ ಖಾಲಿ ಮಾಡ್ತಾ ಮಾರಿದಳು." ಹೊತ್ತಿಲ್ಲದ ಮಾಲಿಗೆ ಬೆಲೆ ಹೆಚ್ಚು. ನಾನು ಎತ್ತಿಟ್ಟದ್ದರಲ್ಲಿ ಅರ್ಧ ಅದೊಂದಕ್ಕೇ ಹೋಯಿತು.

ಸಾಬರೇ ಮನೆಗೆ ಬಂದು ಮಂಚದ ಪಕ್ಕ ಮೇಜು ಹಾಕಿ ಎಲ್ಲ ಜೋಡಿಸಿದರು. ಒಂದೇ ಕೈಯಲ್ಲಿ ಹಿಡಿಯಬಹುದಾದ ಹೊಸ ಸ್ಟೀರಿಂಗ್ ಒಂದನ್ನು ಮೇಜಿನಂಚಿಗೆ ಬಿಗಿದರು. ಅಕ್ಕ ಮೊದಮೊದಲು ಕಣ್ಣೆತ್ತಲಿಲ್ಲ. ಎಂಜಿನ್ ಶುರುವಾದ ಸದ್ದಿಗೆ ಮಾತ್ರ ತಲೆ ತಿರುಗಿಸಿದಳು. ಪರದೆಯ ಮೇಲೆ ಮಂಜು ಕವಿದ ರಸ್ತೆ. ಅವಳ ಬಲಗೈ ಹಾಸಿಗೆಯಿಂದ ಎದ್ದು ಸ್ಟೀರಿಂಗ್ ಹಿಡಿಯಿತು. ಐದು ನಿಮಿಷದಲ್ಲಿ, "ಈ ರೋಡು ಮಾಡಿದವನು ಯಾರೇ? ತಿರುವಿಗೆ ವಾಟವೇ ಇಟ್ಟಿಲ್ಲ" ಎಂದು ಬೈದಳು. ಆ ಮಧ್ಯಾಹ್ನ ಎರಡು ಮುದ್ದೆ ತಿಂದಳು. ನಾನು ಹಿತ್ತಿಲಿಗೆ ಹೋಗಿ ಅತ್ತು ಬಂದೆ.

ನಾಲ್ಕು ಗಂಟೆಗೆ ಅವಳು ಕೈ ಹಿಂತೆಗೆದುಕೊಂಡಳು. "ವಾರಿ, ಬಾರೇ ಇಲ್ಲಿ." ಸ್ಟೀರಿಂಗ್ ತಾನೇ ತಿರುಗುತ್ತಿತ್ತು. ಪರದೆಯ ಲಾರಿ ರಸ್ತೆ ಬದಲಿಸಿ, ಅಕ್ಕ ಹೊರಟಿದ್ದ ಊರು ಬಿಟ್ಟು ಬೇರೆ ಕಡೆ ಹೋಗುತ್ತಿತ್ತು. ಪ್ರತಿ ತಿರುವಿಗೂ ಎರಡು ಸಲ ಹಾರ್ನ್. ಸರಿಯಾಗಿ ಐದಕ್ಕೆ ನಿಂತಿತು. ಮರುದಿನವೂ ನಾಲ್ಕಕ್ಕೆ ಹಾಗೇ.

"ಯಾವನೋ ಗಂಡಸು" ಅಂದಳು ಅಕ್ಕ, ಎರಡನೆಯ ದಿನ. "ಗಾಡಿ ಕಲಿತವನಲ್ಲ. ಬ್ರೇಕು ತಡವಾಗಿ ಒತ್ತುತ್ತಾನೆ. ಆದರೆ ಎಲ್ಲೂ ನಿಲ್ಲಿಸಲ್ಲ ನೋಡು. ಡೀಸೆಲ್ ಹಾಕಿಸೋಕೂ ನಿಲ್ಲಿಸಲ್ಲ."

ಸಾಬರನ್ನು ಕರೆದೆ. ಅವರು ನಾಲ್ಕಕ್ಕೆ ಮೊದಲೇ ಬಂದು, ಕಾರ್ಡು ತೆಗೆದು ಕಾದರು. ಬೆಟ್ಟಗಳು ಇಟ್ಟಿಗೆಗಳಾದವು, ಲಾರಿ ಅಲ್ಲಾಡಲಿಲ್ಲ. ನಾಲ್ಕೂಕಾಲಿಗೆ ಕಾರ್ಡು ಮತ್ತೆ ಕೂರಿಸಿ ಆಟ ಹಚ್ಚಿದರು. ಪರದೆ ಬೆಳಗಿದ ಕೂಡಲೇ ಹಾರ್ನ್ ಎರಡು ಸಲ ಕೂಗಿತು. ಸಾಬರು ಸ್ಕ್ರೂ ಡ್ರೈವರ್ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು.

"ನಾನು ಹಚ್ಚಿ ನೋಡಿದ್ದೆ ತಂಗಿ, ಇಡೀ ದಿನ ನೋಡಿದ್ದೆ" ಅಂದರು. ಆಮೇಲೆ ಗಡಿಯಾರ ನೋಡಿ, "ನಾಲ್ಕಕ್ಕೆ ಮಾತ್ರ ಅಂಗಡಿ ಮುಚ್ಚಿ ನಮಾಜಿಗೆ ಹೋಗಿದ್ದೆ" ಅಂದರು.

ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸತ್ತವರ ವಸ್ತುವಿಗೆ ಹೊತ್ತಿರುವುದಿಲ್ಲ. ಮುಕುಂದ ಎಲ್ಲೋ ಬದುಕಿದ್ದ. ಅವನ ಶ್ರಾದ್ಧ ಆರು ಸಲ ಆಗಿತ್ತು. ಅವನ ಹೆಂಡತಿಯ ಮದುವೆಗೆ ಇನ್ನು ಐದು ವಾರ ಇತ್ತು.

"ಕಾರ್ಡು ನನಗೆ ಕೊಡು, ಬೇರೆ ಕೊಡ್ತೀನಿ. ಇದನ್ನು ಕಲ್ಲಿನಲ್ಲಿ ಜಜ್ಜಿ ನೀರಿಗೆ ಹಾಕೋಣ. ಆ ಹೆಣ್ಣುಮಗಳು ನೆಮ್ಮದಿಯಾಗಿ ಮದುವೆ ಆಗಲಿ" ಅಂದರು ಸಾಬರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನನಗೂ ಅದೇ ಸರಿ ಅನ್ನಿಸಿತು. ಆದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಲಾರಿ ಗುಜರಿಗೆ ಹೋಗ್ತಿದೆ ಅಂತ ನಿನಗೆ ಮೊದಲೇ ಗೊತ್ತಿತ್ತಲ್ವಾ?" ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. "ಹೇಳಿದ್ರೆ ಕೊನೇ ದಿನ ಸ್ವಲ್ಪ ಸರಿಯಾಗಿ ಓಡಿಸ್ತಿದ್ದೆ ಅಷ್ಟೇ."

ನಾನು ಮರುದಿನ ಪದ್ಮಿನಿಯ ಮನೆಗೆ ಹೋದೆ. ಮೂವತ್ತೈದರ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಗೋಣಿಚೀಲಗಳಲ್ಲಿ ಪಾತ್ರೆ ಕಟ್ಟುತ್ತಿದ್ದಳು. ಹೇಳಿದೆ. ಅವಳು ಗಂಟು ಹಾಕುತ್ತಿದ್ದ ಹಗ್ಗವನ್ನು ಬಿಡಲಿಲ್ಲ. "ಎಷ್ಟು ಗಂಟೆಗೆ?" ಎಂದು ಮಾತ್ರ ಕೇಳಿದಳು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಂದು ಪರದೆಯ ಮುಂದೆ ಕೂತಳು. ಹೊತ್ತಿನಲ್ಲಿರುವ ವಸ್ತುವನ್ನು ನಮ್ಮೂರಿನಲ್ಲಿ ಯಾರೂ ಮುಟ್ಟುವುದಿಲ್ಲ. ಅವಳೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಲಾರಿ ಹೊರಟಿತು. ಮೊದಲ ತಿರುವಿಗೆ ಎರಡು ಸಲ ಹಾರ್ನ್ ಕೂಗಿತು.

"ದಿನಾ ನಾಲ್ಕಕ್ಕೆ ಮನೇಲಿ ಇಂಥದೇ ಆಟ ಆಡ್ತಿದ್ದ. ಎದುರಿಗೆ ಯಾರೂ ಇಲ್ಲದಿದ್ರೂ ಹಾರ್ನ್ ಮಾಡ್ತಾನೆ" ಅಂದಳು. "ಯಾಕೆ ಅಂತ ಕೇಳಿದ್ರೆ, ಇರಬಹುದು ಅಂತಿದ್ದ." ಐದಾಗುವವರೆಗೆ ಕೂತು ನೋಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಅವತ್ತು ದೋಣಿಗಟ್ಟೆಯ ಮೆಟ್ಟಿಲ ಮೇಲೆ ಚಪ್ಪಲಿ ಸಿಕ್ಕಿತ್ತು. ಎರಡೂ ಜೋಡಿಸಿ ಇಟ್ಟಿದ್ವು. ಹುಟ್ಟಿದಾಗಿನಿಂದ ಚಪ್ಪಲಿ ಜೋಡಿಸಿ ಬಿಟ್ಟವನಲ್ಲ ಅವನು. ನನಗೆ ಅವತ್ತೇ ಏನೋ ಅನ್ನಿಸಿತ್ತು. ಎಲ್ಲರೂ ಅಳ್ತಿದ್ರು, ನಾನೂ ಅತ್ತೆ" ಅಂದಳು.

ಅವಳು ದಿನಾ ಬರತೊಡಗಿದಳು. ನಾವು ನಾಲ್ಕಕ್ಕೆ ಆಟ ಹಚ್ಚಿ, ಸ್ಟೀರಿಂಗ್ ಬಿಟ್ಟು ದೂರ ಕೂರುತ್ತಿದ್ದೆವು. ಯಂತ್ರ ಆರಿಸಿಟ್ಟಿದ್ದರೆ ಏನೂ ಇರುತ್ತಿರಲಿಲ್ಲ. ಆದರೆ ಪದ್ಮಿನಿ ನೋಡಬೇಕೆಂದಳು, ಅಕ್ಕನಿಗೂ ಅದು ಬೇಕಿತ್ತು. "ಅವನಿಗೂ ಖುಷಿ ಆಗ್ತಿರಬೇಕು ಕಣಮ್ಮ" ಎಂದು ಅಕ್ಕ ಅವಳಿಗೆ ಹೇಳುತ್ತಿದ್ದಳು. "ಗಾಡಿ ಕೈಗೆ ಸಿಕ್ಕ ಹಾಗಿರತ್ತೆ. ಎಲ್ಲೇ ಇರಲಿ, ಒಂದು ಗಂಟೆ ಆರಾಮ." ಪದ್ಮಿನಿ ತಲೆಯಾಡಿಸುತ್ತಿದ್ದಳು. ಮದುವೆಯ ಮಾತು ಯಾರೂ ಎತ್ತಲಿಲ್ಲ. ಒಮ್ಮೆ ವಾಸುದೇವ ಬಂದು ಬಾಗಿಲ ಹೊರಗೆ ನಿಂತು, ಸ್ವಲ್ಪ ಹೊತ್ತು ಪರದೆ ನೋಡಿ, ಒಳಗೆ ಬಾರದೆ ಹೋದ.

ಒಂಬತ್ತನೆಯ ದಿನ ನಾಲ್ಕೂ ಇಪ್ಪತ್ತಕ್ಕೆ ಲಾರಿ ನೇರ ರಸ್ತೆಯಲ್ಲಿ ಹೋಗುತ್ತಿದ್ದದ್ದು ಒಮ್ಮೆಲೇ ಬಲಕ್ಕೆ ಎಳೆದುಕೊಂಡು ಕಂದಕಕ್ಕೆ ಇಳಿಯಿತು. ಸ್ಟೀರಿಂಗ್ ಮೇಜಿನಂಚಿನಲ್ಲಿ ಗಡಗಡ ನಡುಗಿತು. ಆಮೇಲೆ ಐದಾಗುವವರೆಗೂ ಸ್ತಬ್ಧ. ಪದ್ಮಿನಿ ಎದ್ದು ನಿಂತಿದ್ದಳು. ಮರುದಿನ ನಾಲ್ಕಕ್ಕೆ ಲಾರಿ ಮತ್ತೆ ಹೊರಟಾಗ ಅವಳು ಉಸಿರು ಬಿಟ್ಟಳು. ಆದರೆ ಅಕ್ಕನ ಮುಖ ಬಿಗಿಯಿತು.

"ಒಂದೇ ಕೈಯಲ್ಲಿ ಓಡಿಸ್ತಿದ್ದಾನೆ" ಅಂದಳು. "ನನಗೆ ಗೊತ್ತಾಗಲ್ವಾ."

ಅದಾಗಿ ಆರನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಯಾರೋ ಬಾಗಿಲು ಬಡಿದರು. ತೆಳ್ಳಗಿನ ಗಂಡಸು, ಹೆಗಲಿಗೆ ಚೀಲ, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಔಷಧಿ ಅಂಗಡಿಯ ಕೆಲಸದಿಂದ ನನಗೆ ಬ್ಯಾಂಡೇಜಿನ ಆಕಾರ ನೋಡಿದರೆ ಒಳಗೇನಿಲ್ಲ ಅನ್ನುವುದು ತಿಳಿಯುತ್ತದೆ. ಎರಡು ಬೆರಳು ಇರಲಿಲ್ಲ.

"ಕುತುಬ್ ಸಾಬರ ಅಂಗಡಿಯಲ್ಲಿ ಕೇಳಿದೆ. ಕಾರ್ಡು ಇಲ್ಲಿದೆ ಅಂದ್ರು" ಅಂದ. "ನಾನು ಮುಕುಂದ."

ಒಳಗೆ ಕರೆದೆ. ನೀರು ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡ. ದೂರದ ಊರೊಂದರ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದನಂತೆ. ಒಂದು ದಿನ ನಾಲ್ಕಕ್ಕೆ ಇದ್ದಕ್ಕಿದ್ದಂತೆ ಕೈಗಳು ಎದ್ದು ಗಾಳಿಯಲ್ಲಿ ತಿರುಗತೊಡಗಿದವು. ತನ್ನ ವಸ್ತು ಮಾರಾಟವಾಗಿದೆ ಎಂದು ಆಗಲೇ ತಿಳಿಯಿತು. ಕೆಲವು ದಿನ ಏನೇನೋ ನೆಪ ಹೇಳಿ ಆ ಗಂಟೆ ಗರಗಸದಿಂದ ದೂರ ಉಳಿದ. "ಆ ಊರಿನವರಿಗೆ ಹೊತ್ತು ಗಿತ್ತು ಗೊತ್ತಿಲ್ಲ. ಕೆಲಸಗಳ್ಳ ಅಂದ್ರು. ಒಂದು ದಿನ ನಿಲ್ಲಲೇಬೇಕಾಯ್ತು. ಕೈ ಹಿಡಿದುಕೊಂಡೇ ಇದ್ದೆ, ಒಂದನ್ನೊಂದು ಬಿಗಿಯಾಗಿ. ಬಿಡಿಸಿಕೊಂಡು ಹೋಯ್ತು." ಅವನು ಮೇಜಿನ ಕೆಳಗಿದ್ದ ತಗಡಿನ ಪೆಟ್ಟಿಗೆಯನ್ನು ನೋಡಿದ. "ಅದನ್ನು ಒಡೆದು ಹಾಕಿ. ಕೈ ಮುಗಿತೀನಿ."

ಅಕ್ಕ ಬಿಳಿಚಿಕೊಂಡಿದ್ದಳು. ಹದಿನೈದು ದಿನ ನಾವು ಚಹಾ ಕುಡಿಯುತ್ತ ನೋಡಿದ್ದು ಏನನ್ನು ಎಂದು ಇಬ್ಬರಿಗೂ ಒಟ್ಟಿಗೇ ಅರ್ಥವಾಗಿತ್ತು. ನಾನು ಸ್ಕ್ರೂ ಡ್ರೈವರ್ ಹುಡುಕಲು ಎದ್ದೆ. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಪದ್ಮಿನಿ ಆ ದಿನ ಬೇಗ ಬಂದಿದ್ದಳು.

ಅವಳು ಹೊಸ್ತಿಲಲ್ಲಿ ನಿಂತು ಅವನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಬಂದು ತನ್ನ ಎಂದಿನ ಕುರ್ಚಿಯಲ್ಲಿ ಕೂತಳು.

"ಯಾಕೆ?" ಅಂದಳು.

"ದಿನಾ ಟಿಕೆಟ್ ಹರಿದು ಕೊಡ್ತಿದ್ದೆ. ಎಲ್ಲರೂ ಆಚೆ ದಡಕ್ಕೆ ಹೋಗ್ತಿದ್ರು, ಬರ್ತಿದ್ರು. ಒಂದು ದಿನ ನಾನೂ ಹತ್ತಿದೆ. ವಾಪಸ್ ಬರೋ ದೋಣಿ ಹತ್ತೋಕೆ ಆಗಲಿಲ್ಲ." ಅವನು ತಲೆ ತಗ್ಗಿಸಿದ. "ನಿನ್ನ ಮೇಲೆ ಏನೂ ಇರಲಿಲ್ಲ ಪದ್ದು."

"ಚಪ್ಪಲಿ?"

"ಹುಡುಕೋದು ಬೇಡ ಅಂತ."

ಪದ್ಮಿನಿ ನನ್ನ ಕಡೆ ತಿರುಗಿ, "ಆಟ ಹಚ್ಚಿ" ಅಂದಳು. ನಾನು ಅನುಮಾನಿಸಿದೆ. "ಹಚ್ಚಿ, ವಾರಿಜಕ್ಕ. ಒಂದು ಸಲ." ಮುಕುಂದ ಬೇಡ ಅನ್ನಲಿಲ್ಲ. ಗಡಿಯಾರ ನಾಲ್ಕು ತೋರಿಸಿತು. ಬೆಂಚಿನ ಮೇಲೆ ಕೂತಿದ್ದ ಅವನ ಎರಡೂ ಕೈಗಳು ಯಾರೋ ಮಣಿಕಟ್ಟು ಹಿಡಿದು ಎತ್ತಿದ ಹಾಗೆ ಮೇಲಕ್ಕೆ ಬಂದವು. ಬ್ಯಾಂಡೇಜಿನ ಕೈ ಒಂದು ಕ್ಷಣ ತಡವರಿಸಿತು. ಅವು ಗಾಳಿಯಲ್ಲಿ ತಿರುಗಿದವು, ಮೇಜಿನ ಮೇಲೆ ಸ್ಟೀರಿಂಗ್ ತಿರುಗಿತು, ಪರದೆಯ ಮೇಲೆ ಲಾರಿ ತಿರುಗಿತು. ಅವನ ಹೆಬ್ಬೆರಳು ಒತ್ತಿದಾಗ ಅಲ್ಲಿ ಹಾರ್ನ್ ಕೂಗಿತು. ಅವನ ಮುಖದಲ್ಲಿ ಬೆವರಿಳಿಯುತ್ತಿತ್ತು. ನೋವಾಗುತ್ತಿದೆಯೆಂದು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಪದ್ಮಿನಿ ಅವನ ಕಡೆ ನೋಡಲಿಲ್ಲ, ಪರದೆಯನ್ನೇ ನೋಡಿದಳು. ಎರಡು ತಿರುವು ಕಳೆದ ಮೇಲೆ, "ಸಾಕು, ಆರಿಸಿ" ಅಂದಳು. ಆರಿಸಿದೆ. ಕೈಗಳು ಅವನ ತೊಡೆಯ ಮೇಲೆ ಬಿದ್ದವು.

ನಾನು ಪೆಟ್ಟಿಗೆ ಬಿಚ್ಚಿ ಕಾರ್ಡು ತೆಗೆದೆ. ಅಟ್ಟದಿಂದ ಸುತ್ತಿಗೆ ತರಲು ಹೊರಟವಳನ್ನು ಅಕ್ಕ ತಡೆದಳು. "ಒಡೀಬೇಡ ಕಣೆ." ಮುಕುಂದನಿಗೆ ಹೇಳಿದಳು: "ನೋಡಪ್ಪಾ, ಒಡೆದರೆ ಕೈ ನಿಲ್ಲುತ್ತೆ, ನಿಜ. ಆದರೆ ಎಷ್ಟು ನಿಲ್ಲುತ್ತೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಚಮಚ ಎತ್ತೋಕೂ ಮನಸ್ಸು ಬರಲ್ಲ. ನಿನ್ನ ಸಾಮಾನು ನಿನ್ನ ಹತ್ರ ಇದ್ರೆ ಹೊತ್ತೂ ಇರಲ್ಲ, ಆ ಗತಿಯೂ ಬರಲ್ಲ. ತಗೊಂಡು ಹೋಗು."

"ನಿಮಗೆ?" ಅಂದ ಅವನು.

"ನನಗೆ ಇಟ್ಟಿಗೆ ಬೆಟ್ಟ ಸಾಕು."

ಕಾರ್ಡನ್ನು ನನ್ನ ಕೈಯಿಂದ ಪದ್ಮಿನಿ ತೆಗೆದುಕೊಂಡಳು. ಸೆರಗಿನಿಂದ ಧೂಳು ಒರೆಸಿ ಅವನ ಎಡಗೈಯಲ್ಲಿಟ್ಟಳು. "ಇದು ನಿಮ್ಮದು. ಮಾರಿದ್ದು ನಾನು. ಬೆರಳಿಗೆ ನಾನು ಏನೂ ಮಾಡೋಕಾಗಲ್ಲ" ಅಂದಳು. ಅವನನ್ನು ನೀವು ಅಂದದ್ದು ಅದೇ ಮೊದಲೇನೋ, ಅವನು ತಲೆಯೆತ್ತಿ ನೋಡಿದ. "ನಾಳೆ ಹತ್ತಕ್ಕೆ ಪುರಸಭೆಗೆ ಬನ್ನಿ. ಸತ್ತಿಲ್ಲ ಅಂತ ಬರೆಸಿ. ಆಮೇಲೆ ನನಗೆ ಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಹೊರಡಿ."

ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಬಂದ. ಸಾಕ್ಷಿಗೆ ನಾನೂ ಕುತುಬ್ ಸಾಬರೂ ಇದ್ದೆವು. ಗುಮಾಸ್ತ ಆರು ವರ್ಷದ ಹಿಂದಿನ ಮರಣದ ಪುಸ್ತಕ ತೆಗೆದು, ಮುಕುಂದನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಹಾಕಿದ. ಎಡಗೈಯಲ್ಲಿ ಮಾಡಿದ ಸಹಿ ಮಗುವಿನ ಬರಹದಂತಿತ್ತು. ಎರಡನೆಯ ಕಾಗದಕ್ಕೂ ಸಹಿ ಮಾಡಿದ. ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಅಕ್ಕಪಕ್ಕ ನಿಂತರು. ಏನು ಮಾತಾಡಿದರೋ ಕೇಳಿಸಲಿಲ್ಲ. ಅವನು ಬಸ್ ನಿಲ್ದಾಣದ ಕಡೆ ನಡೆದ, ಅವಳು ಶಾಲೆಯ ಕಡೆ.

ಆ ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಪದ್ಮಿನಿ ನಮ್ಮ ಮನೆಗೆ ಬಂದಳು. ತನ್ನ ಕುರ್ಚಿಯಲ್ಲಿ ಕೂತಳು. ಅಕ್ಕ ಬೆಳಗಿನಿಂದ ಓಡಿಸುತ್ತಿದ್ದ ಲಾರಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ, ಸ್ಟೀರಿಂಗಿನಿಂದ ಕೈ ತೆಗೆದಳು. ಹಿಂದೆ ಬೂದುಬಣ್ಣದ ಚೌಕಚೌಕದ ಬೆಟ್ಟಗಳು. ನಾಲ್ಕಾಯಿತು. ಸ್ಟೀರಿಂಗ್ ಅಲ್ಲಾಡಲಿಲ್ಲ. ಲಾರಿಯ ಎಂಜಿನ್ ಸದ್ದು ಒಂದೇ ಸಮ ಬರುತ್ತಿತ್ತು. ನಾಲ್ಕೂವರೆಯಾಯಿತು. ಮೂವರೂ ನೋಡುತ್ತಲೇ ಇದ್ದೆವು, ಆ ಇಡೀ ಗಂಟೆ ಯಾರೂ ಅದನ್ನು ಮುಟ್ಟಲಿಲ್ಲ.

ಐದು ಹೊಡೆದಾಗ ಪದ್ಮಿನಿ ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿಟ್ಟಳು. "ಇನ್ನು ನೀವು ಓಡಿಸಿ ಅಕ್ಕ" ಅಂದಳು.

ಅಕ್ಕ ಪರದೆಯ ಲಾರಿಯ ಕನ್ನಡಿ ನೋಡಿಕೊಂಡು ಗಾಡಿಯನ್ನು ರಸ್ತೆಗೆ ತಂದಳು.